ಡೀಬಗ್ ಬಿಲ್ಡ್ ಕೊಟ್ಟರೆ 8 ಜಿಬಿ ರ‍್ಯಾಮ್ ಸಾಲುವುದಿಲ್ಲ, ಎಂತ ಮಾಡುವುದು?

ಧಕ್ಕೆಹುಡುಗ · ಮಂಗಳೂರು · ಸೋಮವಾರ ರಾತ್ರಿ 9:40

ಮೂರು ದಿನದಿಂದ ಇದೊಂದೇ ತಲೆಬಿಸಿ. ಗೊತ್ತಿರುವವರು ದಾರಿ ಹೇಳಿ.

ನಮ್ಮದು ಸಣ್ಣ ಆಫೀಸು. ಮೀನುಗಾರಿಕೆ ಬೋಟುಗಳ ಜಿಪಿಎಸ್ ಪೆಟ್ಟಿಗೆಯಿಂದ ಬರುವ ಎನ್‌ಎಂಇಎ 0183 ಸಾಲುಗಳನ್ನು ಓದಿ ದಡದಲ್ಲಿ ಕೂತವರಿಗೆ ಮ್ಯಾಪಿನಲ್ಲಿ ತೋರಿಸುವ ಕೆಲಸ. ಡಾಲರ್ ಚಿಹ್ನೆಯಿಂದ ಶುರುವಾಗಿ, ನಡುವೆ ಕಾಮಾಗಳು, ಕೊನೆಗೆ ನಕ್ಷತ್ರ ಮತ್ತು ಎರಡಕ್ಷರದ ಚೆಕ್‌ಸಮ್. ಇಡೀ ಸಾಲು 82 ಅಕ್ಷರ ದಾಟುವುದಿಲ್ಲ. ಇಷ್ಟಕ್ಕೆ ನನಗಿಂತ ಮೊದಲು ಇದ್ದವರು ಬೂಸ್ಟ್ ಸ್ಪಿರಿಟ್‌ನ ಕ್ಯೂಐ (ಪಠ್ಯ ಬಿಡಿಸಿ ಓದುವ ಸಿ++ ಲೈಬ್ರರಿ) ಬಳಸಿ ಒಂದೇ ಫೈಲಿನಲ್ಲಿ ದೊಡ್ಡ ವ್ಯಾಕರಣ ಬರೆದಿಟ್ಟು ಹೋಗಿದ್ದಾರೆ. ಫೈಲಿನ ಹೆಸರು ವಾಕ್ಯ.ಸಿಪಿಪಿ.

ರಿಲೀಸ್ ಬಿಲ್ಡ್ ಹೇಗೋ ಮುಗಿಯುತ್ತದೆ. ಆದರೆ ಮಲ್ಪೆ ಕಡೆಯ ಕೆಲವು ಬೋಟುಗಳು ಮ್ಯಾಪಿನಿಂದ ಆಗಾಗ ಮಾಯ ಆಗ್ತವೆ, ಅದನ್ನು ಹುಡುಕಲಿಕ್ಕೆ ಡೀಬಗ್ ಬಿಲ್ಡ್ ಬೇಕು, ಅಂದರೆ ತಪ್ಪು ಹುಡುಕುವ ಮಾಹಿತಿ ಸೇರಿಸಿ ಕಂಪೈಲ್ ಮಾಡಿದ್ದು. -ಓ0 (ಆಪ್ಟಿಮೈಸೇಶನ್ ಇಲ್ಲ) -ಜಿ (ಡೀಬಗ್ ಮಾಹಿತಿ ಬೇಕು) ಹಾಕಿ ಮೇಕ್ -ಜೆ4 (ನಾಲ್ಕು ಕೆಲಸ ಒಟ್ಟಿಗೆ) ಕೊಟ್ಟರೆ ಮೊದಲು ಫ್ಯಾನ್ ಕಿರುಚುತ್ತದೆ, ಆಮೇಲೆ ಮೌಸ್ ನಿಲ್ಲುತ್ತದೆ, ಕೊನೆಗೆ ಸಿಸಿ1ಪ್ಲಸ್ (ಜಿಸಿಸಿಯ ಸಿ++ ಕಂಪೈಲರ್) ಕಿಲ್ಡ್ ಅಂತ ಬರುತ್ತದೆ. ಡೆಬಿಯನ್ 13, ಜಿಸಿಸಿ, 8 ಜಿಬಿ ರ‍್ಯಾಮ್, ನಾಲ್ಕು ಕೋರ್. ಇದು ಕಂಪೈಲರಿನ ಬಗ್ಗಾ?

ಗಡ್‌ಬಡ್ · ಮಣಿಪಾಲ · ಸೋಮವಾರ ರಾತ್ರಿ 9:52

ಕಂಪೈಲರ್ ಸತ್ತದ್ದಲ್ಲ ಅಣ್ಣ, ಕೊಂದದ್ದು. ಡಿಮೆಸೇಜ್ ಕೊಟ್ಟು ನೋಡಿ, ಔಟ್ ಆಫ್ ಮೆಮೊರಿ ಅಂತ ಒಂದು ಸಾಲು ಇರ್ತದೆ. ಕೊಂದವನು ಕರ್ನಲ್. -ಜೆ4 ತೆಗೆದು -ಜೆ1 ಹಾಕಿ, ಊಟಕ್ಕೆ ಹೋಗಿ.

ಘಟ್ಟದಮೇಲೆ · ಸೋಮವಾರ ರಾತ್ರಿ 10:05

ಈ ಕಾಲದಲ್ಲಿ ಸಿ++ ಕೆಲಸಕ್ಕೆ 8 ಜಿಬಿ ಕೊಟ್ಟ ಆಫೀಸಿಗೆ ಕೈ ಮುಗಿಯಬೇಕು. ಇನ್ನೊಂದು 8 ಹಾಕಿಸಿ, ಈ ಚರ್ಚೆಯೇ ಬೇಡ.

ಧಕ್ಕೆಹುಡುಗ · ಸೋಮವಾರ ರಾತ್ರಿ 11:10

ಗಡ್‌ಬಡ್ ಹೇಳಿದ್ದು ಸರಿ, ಔಟ್ ಆಫ್ ಮೆಮೊರಿ ಸಾಲು ಉಂಟು. -ಜೆ1 ಹಾಕಿದರೆ ಬಾಕಿ ಎಲ್ಲ ದಾಟಿತು, ವಾಕ್ಯ.ಸಿಪಿಪಿಗೆ ಬಂದಾಗ ಸ್ವಾಪಿಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಬಿದ್ದು ಲ್ಯಾಪ್‌ಟಾಪ್ ಹತ್ತು ನಿಮಿಷ ಕಲ್ಲಾಯಿತು. ಅಷ್ಟರಲ್ಲಿ ಮಳೆಗೆ ಕರೆಂಟೂ ಹೋಯಿತು. ಬ್ಯಾಟರಿ ನಂಬಿ ಕೂರುವ ಲ್ಯಾಪ್‌ಟಾಪ್ ಅಲ್ಲ ಇದು, ಹಾಗೆ ಮಲಗಿದೆ.

ಘಟ್ಟದವರೇ, ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿ ಬಂದಿದೆ. ಹಾಕಿಸಲಿಕ್ಕೆ ಜಾಗವೇ ಇಲ್ಲ.

ಹಳೇಲಿಂಕರ್ · ಉಡುಪಿ · ಮಂಗಳವಾರ ಬೆಳಿಗ್ಗೆ 7:15

ಫ್ಲಾಗ್ ಹುಡುಕುವ ಮೊದಲು ಅಳತೆ ತೆಗೆಯಿರಿ. ನಾನು ಫೋನಿನಲ್ಲಿ ಬರೆಯುತ್ತಿದ್ದೇನೆ, ಕೀಲಿಮಣೆ ಬದಲಿಸಲು ಉದಾಸೀನ. ಫ್ಲಾಗುಗಳೂ ಕನ್ನಡದಲ್ಲೇ ಬರುತ್ತವೆ, ನೀವೇ ಇಂಗ್ಲಿಷಿಗೆ ಮಾಡಿಕೊಳ್ಳಿ.

ಆ ಒಂದು ಫೈಲಿನ ಕಂಪೈಲ್ ಆಜ್ಞೆಯನ್ನು ಹಾಗೇ ಎತ್ತಿ, ಅದರ ಮುಂದೆ /ಯುಎಸ್‌ಆರ್/ಬಿನ್/ಟೈಮ್ -ವಿ ಸೇರಿಸಿ ಓಡಿಸಿ. ಶೆಲ್ಲಿನ ಒಳಗೇ ಇರುವ ಟೈಮ್ ಅಲ್ಲ, ಪೂರ್ತಿ ದಾರಿ ಕೊಟ್ಟು ಕರೆಯುವ ಗ್ನೂ ಟೈಮ್. ಇಲ್ಲದಿದ್ದರೆ ಇನ್‌ಸ್ಟಾಲ್ ಮಾಡಿಕೊಳ್ಳಿ. ಕೊನೆಯಲ್ಲಿ ಮ್ಯಾಕ್ಸಿಮಮ್ ರೆಸಿಡೆಂಟ್ ಸೆಟ್ ಸೈಜ್ (ಒಮ್ಮೆಗೆ ಬಳಸಿದ ಅತಿ ಹೆಚ್ಚು ಮೆಮೊರಿ) ಅಂತ ಕಿಲೋಬೈಟಿನಲ್ಲಿ ಒಂದು ಅಂಕೆ ಬರುತ್ತದೆ. ಇಡೀ ಮೇಕ್‌ಗೆ ಇದನ್ನು ಹಚ್ಚಬೇಡಿ. ಹಚ್ಚಿದರೆ ಎಲ್ಲ ಮಕ್ಕಳ ಮೊತ್ತ ಸಿಗುವುದಿಲ್ಲ, ಎಲ್ಲರಿಗಿಂತ ದಪ್ಪದ ಒಂದು ಮಗುವಿನ ತೂಕ ಮಾತ್ರ ಸಿಗುತ್ತದೆ. ಇದನ್ನು ತಪ್ಪು ಓದಿ ನಾನೇ ಒಮ್ಮೆ ಅರ್ಧ ದಿನ ಕಳೆದಿದ್ದೇನೆ.

ಮೂರು ಸಲ ಓಡಿಸಿ: -ಜಿ0 (ಡೀಬಗ್ ಮಾಹಿತಿ ಇಲ್ಲ), -ಜಿ1 (ಸ್ವಲ್ಪ), -ಜಿ (ಪೂರ್ತಿ). ಮೂರು ಅಂಕೆ ತಂದು ಇಲ್ಲಿ ಹಾಕಿ. ಆಮೇಲೆ ಮಾತಾಡುವ.

ಕೊಟ್ಟಾರಚೌಕಿ · ಮಂಗಳೂರು · ಮಂಗಳವಾರ ಬೆಳಿಗ್ಗೆ 8:30

ಅಷ್ಟೆಲ್ಲ ಎಂತಕ್ಕೆ ಮಾರಾಯ್ರೆ, -ಜಿಸ್ಪ್ಲಿಟ್-ಡ್ವಾರ್ಫ್ ಹಾಕಿ ಬಿಡಿ. ಡೀಬಗ್ ಮಾಹಿತಿ ಎಲ್ಲ ಬೇರೆ ಡಿಡಬ್ಲ್ಯುಒ ಫೈಲಿಗೆ ಹೋಗ್ತದೆ, ಮೆಮೊರಿ ಅರ್ಧ ಆಗ್ತದೆ. ನಮ್ಮಲ್ಲಿ ಅದೇ ಮಾಡಿದ್ದು.

ಹಳೇಲಿಂಕರ್ · ಮಂಗಳವಾರ ಬೆಳಿಗ್ಗೆ 8:44

ನಿಮ್ಮಲ್ಲಿ ಅರ್ಧ ಆದದ್ದು ಲಿಂಕರಿನ (ಕಂಪೈಲ್ ಆದ ತುಂಡುಗಳನ್ನು ಕೊನೆಗೆ ಜೋಡಿಸುವವನ) ಮೆಮೊರಿ. ಇವರಲ್ಲಿ ಸಾಯುತ್ತಿರುವುದು ಸಿಸಿ1ಪ್ಲಸ್, ಲಿಂಕರಿನವರೆಗೆ ಗಾಡಿ ಬಂದೇ ಇಲ್ಲ. ಮಾಹಿತಿ ಯಾವ ಫೈಲಿಗೆ ಹೋದರೂ ಅದನ್ನು ತಯಾರು ಮಾಡುವವನು ಕಂಪೈಲರೇ ಅಲ್ಲವೇ? ಜಿಸಿಸಿ ಪ್ರತಿಯೊಂದು ಟೈಪಿಗೂ ಫಂಕ್ಷನ್ನಿಗೂ ಡ್ವಾರ್ಫಿನ (ಡೀಬಗ್ ಮಾಹಿತಿ ಬರೆಯುವ ಮಾದರಿ) ಒಂದೊಂದು ಗಂಟು ಕಟ್ಟಿ, ಇಡೀ ಮರವನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಫೈಲಿನ ಕೊನೆಯಲ್ಲಿ ಬರೆಯುತ್ತದೆ. ಸ್ಪ್ಲಿಟ್ ಮಾಡಿದರೆ ಆ ಮರ ಸಣ್ಣದಾಗುವುದಿಲ್ಲ.

ಕೊಟ್ಟಾರಚೌಕಿ · ಮಂಗಳವಾರ ಬೆಳಿಗ್ಗೆ 9:02

ಹೌದು, ಒಪ್ಪಿದೆ. ಈಗ ನೆನಪಾಯ್ತು, ನಮ್ಮಲ್ಲಿ ಸಾಯುತ್ತಿದ್ದದ್ದು ಲಿಂಕರ್, ಎಲ್‌ಡಿ.

ಧಕ್ಕೆಹುಡುಗ · ಮಂಗಳವಾರ ಮಧ್ಯಾಹ್ನ 1:20

ಊಟದ ಹೊತ್ತಿಗೆ ತೆಗೆದ ಅಳತೆ, ಎಲ್ಲದರಲ್ಲೂ -ಓ0: -ಜಿ0ಗೆ 2.1 ಜಿಬಿ, -ಜಿ1ಗೆ 2.4 ಜಿಬಿ, ಬರೀ -ಜಿಗೆ 4.6 ಜಿಬಿ. ಬ್ರೌಸರ್ ಮುಚ್ಚಿದ್ದರಿಂದ ಕೊನೆಯದ್ದು ದಾಟಿತು.

ಇನ್ನೊಂದು ಪ್ರಶ್ನೆ. ಆಪ್ಟಿಮೈಸೇಶನ್ ಇಲ್ಲ ಅಂದರೆ ಕಂಪೈಲರಿಗೆ ಕೆಲಸ ಕಡಿಮೆ ಆಗಬೇಕಲ್ಲ? ರಿಲೀಸಿಗಿಂತ ಡೀಬಗ್ ಭಾರ ಯಾಕೆ?

ಮಳೆಗಾಲ · ಸುರತ್ಕಲ್ · ಮಂಗಳವಾರ ಮಧ್ಯಾಹ್ನ 2:05

ಮಾಮೂಲು ಕೋಡಿನಲ್ಲಿ ನೀವು ಹೇಳಿದ್ದೇ ಸರಿ. ಟೆಂಪ್ಲೇಟ್ (ಟೈಪು ಕೊಟ್ಟಾಗ ಕಂಪೈಲರೇ ಕೋಡು ಹುಟ್ಟಿಸುವ ಅಚ್ಚು) ತುಂಬಿದ ಕೋಡಿನಲ್ಲಿ ಉಲ್ಟಾ ಆಗಬಹುದು. ಸ್ಪಿರಿಟ್‌ನಲ್ಲಿ ಒಂದೊಂದು ಸಾಲಿನ ನೂರಾರು ಸಣ್ಣ ಫಂಕ್ಷನ್ನುಗಳು ಇರ್ತವೆ. ಆಪ್ಟಿಮೈಸ್ ಮಾಡಿದರೆ ಅವೆಲ್ಲ ಇನ್‌ಲೈನ್ ಆಗಿ ಒಂದರೊಳಗೊಂದು ಕರಗಿ ಹೋಗ್ತವೆ. -ಓ0ಯಲ್ಲಿ ಯಾವುದೂ ಕರಗುವುದಿಲ್ಲ. ಪ್ರತಿಯೊಂದಕ್ಕೂ ಸ್ವಂತ ಕೋಡು, ಸ್ವಂತ ಸೆಕ್ಷನ್ನು, ಸ್ವಂತ ಹೆಸರು. ಆ ಹೆಸರನ್ನು ಒಮ್ಮೆ ಹೆಸರುಗಳ ಪಟ್ಟಿ ಕೊಡುವ ಎನ್‌ಎಂ ಓಡಿಸಿ ನೋಡಿ. ಎ >> ಬಿ >> ಸಿ ಅಂತ ಬರೆದ ಪ್ರತಿ ಬಾಣಕ್ಕೂ ಹಿಂದಿನ ಇಡೀ ಟೈಪನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ ಹೊಸ ಟೈಪು ಹುಟ್ತದೆ, ಹೆಸರೂ ಹಾಗೆಯೇ ಬೆಳೀತದೆ. ನನ್ನ ಒಂದು ಹಳೆ ಪ್ರಾಜೆಕ್ಟಿನಲ್ಲಿ ಒಂದೇ ಸಿಂಬಲ್ಲಿನ ಹೆಸರು ಟರ್ಮಿನಲ್ಲಿನ ಇಡೀ ಪರದೆ ತುಂಬಿತ್ತು.

ನಿಮ್ಮ ಅಂಕೆಯಲ್ಲಿ ಕಥೆ ಎರಡು ಪಾಲಾಗಿದೆ. 2.1 ಜಿಬಿ ಟೆಂಪ್ಲೇಟುಗಳದ್ದು, ಅದಕ್ಕೂ ಡೀಬಗ್ಗಿಗೂ ಸಂಬಂಧ ಇಲ್ಲ. ಒಮ್ಮೆ ಇನ್‌ಸ್ಟಾನ್ಶಿಯೇಟ್ ಆದ (ನಿಜವಾದ ಟೈಪಿಗೆ ಅಚ್ಚು ಹಾಕಿದ) ಟೆಂಪ್ಲೇಟನ್ನು ಕಂಪೈಲರ್ ಆ ಫೈಲು ಮುಗಿಯುವವರೆಗೆ ಬಿಡುವುದಿಲ್ಲ, ಮುಂದೆ ಪುನಃ ಕೇಳಿಯಾರು ಅಂತ ಇಟ್ಟುಕೊಳ್ತದೆ. ಮೇಲಿನ 2.5 ಜಿಬಿ -ಜಿಯದ್ದು. ಎರಡಕ್ಕೂ ಮದ್ದು ಬೇರೆ ಬೇರೆ.

ಗಡ್‌ಬಡ್ · ಮಂಗಳವಾರ ಮಧ್ಯಾಹ್ನ 2:30

ಅಕ್ಕ, ಹಾಸ್ಟೆಲಿನಲ್ಲಿ ನಮಗೆ ವಿಷುಯಲ್ ಸ್ಟುಡಿಯೋದಲ್ಲಿ ಸಿ1128 ಅಂತ ಎರರ್ ಬರ್ತಿತ್ತು, ಅದೂ ಡೀಬಗ್‌ನಲ್ಲಿ ಮಾತ್ರ. ಅದೂ ಇದೇ ಕತೆಯಾ?

ಮಳೆಗಾಲ · ಮಂಗಳವಾರ ಮಧ್ಯಾಹ್ನ 2:41

ಮೂಲ ಅದೇ. ಅಲ್ಲಿ ಒಂದು ಆಬ್ಜೆಕ್ಟ್ ಫೈಲಿಗೆ 65,279 ಸೆಕ್ಷನ್ನುಗಳ ಮಿತಿ ಉಂಟು, ಕರಗದೆ ಉಳಿದ ಫಂಕ್ಷನ್ನುಗಳು ಅದನ್ನು ದಾಟ್ತವೆ. /ಬಿಗ್‌ಆಬ್ಜ್ ಕೊಟ್ಟರೆ ಆಯ್ತು. ಅದು ಮೆಮೊರಿ ಉಳಿಸುವುದಿಲ್ಲ, ಬಾಗಿಲು ಅಗಲ ಮಾಡ್ತದೆ ಅಷ್ಟೆ.

ಕೊಟ್ಟಾರಚೌಕಿ · ಮಂಗಳವಾರ ಸಂಜೆ 5:15

ನಾನೊಂದು ಹೇಳಿ ತಪ್ಪಾದ ಮೇಲೆ ಇನ್ನೊಂದು ಹೇಳಲಿಕ್ಕೆ ಹೆದರಿಕೆ. ಆದರೂ ಜಿಸಿಸಿಯ ಕಸ (ಬೇಡವಾದ ಮೆಮೊರಿ) ಗುಡಿಸುವ ವ್ಯವಸ್ಥೆಯನ್ನು ಬಿಗಿ ಮಾಡಬಹುದಲ್ಲ? ಜಿಜಿಸಿ-ಮಿನ್-ಎಕ್ಸ್‌ಪಾಂಡ್ ಅಂತ ಒಂದು ಪ್ಯಾರಾಮ್ ಉಂಟು.

ಹಳೇಲಿಂಕರ್ · ಮಂಗಳವಾರ ಸಂಜೆ 6:50

ಇದು ಸರಿಯಾದ ಮಾತು. ಜಿ++ ಜೊತೆ -ವಿ ಕೊಟ್ಟರೆ ಜಿಜಿಸಿ ಹ್ಯೂರಿಸ್ಟಿಕ್ಸ್ ಅಂತ ಒಂದು ಸಾಲು ಕಾಣುತ್ತದೆ. 8 ಜಿಬಿ ಯಂತ್ರದಲ್ಲಿ ಅಲ್ಲಿ ಮಿನ್-ಎಕ್ಸ್‌ಪಾಂಡ್ 100, ಮಿನ್-ಹೀಪ್‌ಸೈಜ್ 131072 ಇರುತ್ತದೆ. ಎರಡನೆಯದು ಕಿಲೋಬೈಟ್ ಲೆಕ್ಕ, ಅಂದರೆ 128 ಎಂಬಿ. ಒಮ್ಮೆ ಗುಡಿಸಿದ ಮೇಲೆ ಹೀಪು ಶೇಕಡಾ 100 ಬೆಳೆಯುವವರೆಗೆ, ಅಂದರೆ ದುಪ್ಪಟ್ಟಾಗುವವರೆಗೆ ಮತ್ತೆ ಪೊರಕೆ ಹಿಡಿಯುವುದಿಲ್ಲ ಎಂದು ಅರ್ಥ. ಗುಡಿಸಿದ ಮೇಲೆ ಒಂದೂವರೆ ಜಿಬಿ ಉಳಿದಿದ್ದರೆ ಮುಂದಿನ ಗುಡಿಸುವಿಕೆ ಮೂರು ಜಿಬಿಗೆ. ಕಡಿಮೆ ರ‍್ಯಾಮಿನವರು ಇದನ್ನು 20ಕ್ಕೂ 32768ಕ್ಕೂ ಇಳಿಸುವುದು ಹಳೆ ರೂಢಿ. ಸೊನ್ನೆಗೆ ಇಳಿಸಬೇಡಿ, ಸಿಕ್ಕ ಸಿಕ್ಕಲ್ಲೆಲ್ಲ ಗುಡಿಸುತ್ತಾ ಕೂತು ಬೆಳಗಾಗುತ್ತದೆ.

ಆದರೆ ಪೊರಕೆಗೆ ಸಿಗುವುದು ಕಸ ಮಾತ್ರ. ಅಕ್ಕ ಹೇಳಿದ ಹಾಗೆ ಟೆಂಪ್ಲೇಟು ಕಸವಲ್ಲ, ಜೀವಂತ ಸಾಮಾನು.

ಧಕ್ಕೆಹುಡುಗ · ಮಂಗಳವಾರ ರಾತ್ರಿ 8:30

20, 32768 ಹಾಕಿ ನೋಡಿದೆ. 4.6 ಇದ್ದದ್ದು 4.1 ಆಯಿತು, ಸಮಯ ಕಣ್ಣಿಗೆ ಕಾಣುವಷ್ಟು ಹೆಚ್ಚಾಯಿತು. ಅಷ್ಟಕ್ಕಷ್ಟೆ.

ಒಂದು ವಿಚಿತ್ರ ಉಂಟು. -ಜೆ1 ಓಡುವಾಗ ಸಿಸಿ1ಪ್ಲಸ್ 4 ಜಿಬಿ ಚಿಲ್ಲರೆ ತಿಂದರೂ ಇಡೀ ಯಂತ್ರದಲ್ಲಿ ಅದಕ್ಕಿಂತ ಜಾಸ್ತಿ ಹೋಗಿರ್ತದೆ. ಬೇರೆ ಏನೂ ತೆರೆದಿಲ್ಲ. ಸಿಸಿ1ಪ್ಲಸ್ ಮುಗಿದ ಮೇಲೂ ಸ್ವಲ್ಪ ಹೊತ್ತು 600 ಎಂಬಿಯಷ್ಟು ವಾಪಸು ಬರುವುದಿಲ್ಲ, ಎಎಸ್ (ಅಸೆಂಬ್ಲರ್) ಮುಗಿದ ಮೇಲೆ ಬರ್ತದೆ.

ಹಳೇಲಿಂಕರ್ · ಮಂಗಳವಾರ ರಾತ್ರಿ 8:41

ಡಿಎಫ್ /ಟಿಎಂಪಿ ಕೊಟ್ಟು ಮೊದಲ ಕಾಲಂ ಓದಿ.

ಧಕ್ಕೆಹುಡುಗ · ಮಂಗಳವಾರ ರಾತ್ರಿ 8:43

ಟಿಎಂಪಿಎಫ್‌ಎಸ್ ಅಂತ ಉಂಟು.

ಹಳೇಲಿಂಕರ್ · ಮಂಗಳವಾರ ರಾತ್ರಿ 9:00

ಕಳ್ಳ ಸಿಕ್ಕಿದ. ಡೆಬಿಯನ್ 13ರಿಂದ ಹೊಸದಾಗಿ ಹಾಕಿದ ಯಂತ್ರಗಳಲ್ಲಿ /ಟಿಎಂಪಿ ಡಿಸ್ಕಿನಲ್ಲಿ ಇರುವುದಿಲ್ಲ, ಮೆಮೊರಿಯಲ್ಲೇ ಇರುತ್ತದೆ. ಜಿಸಿಸಿ ಅಸೆಂಬ್ಲಿಯನ್ನು ಪಠ್ಯವಾಗಿ ಅಲ್ಲೊಂದು ತಾತ್ಕಾಲಿಕ ಫೈಲಿಗೆ ಬರೆದು, ಆಮೇಲೆ ಅಸೆಂಬ್ಲರನ್ನು ಕರೆಯುತ್ತದೆ. -ಜಿ ಇದ್ದರೆ ಆ ಪಠ್ಯ ಹೇಗೆ ಊದುತ್ತದೆ ಎಂದು ಒಮ್ಮೆ -ಎಸ್ ಕೊಟ್ಟು ತೆರೆದು ನೋಡಿ: ಪುಟಗಟ್ಟಲೆ ಡಾಟ್ ಲಾಂಗ್, ಡಾಟ್ ಸ್ಟ್ರಿಂಗ್. ನೀವು ಡಿಸ್ಕಿಗೆ ಹೋಯಿತು ಎಂದುಕೊಂಡಿದ್ದು ರ‍್ಯಾಮಿನಲ್ಲೇ ಕೂತಿದೆ. ತಾತ್ಕಾಲಿಕ ಫೈಲಿನ ಜಾಗ ಹೇಳುವ ಟಿಎಂಪಿಡಿಐಆರ್ ಅನ್ನು /ವಿಎಆರ್/ಟಿಎಂಪಿ ಕಡೆ ತಿರುಗಿಸಿ, ಆ 600 ವಾಪಸು.

ಗಡ್‌ಬಡ್ · ಮಂಗಳವಾರ ರಾತ್ರಿ 9:08

-ಪೈಪ್ ಹಾಕಿದರೆ ತಾತ್ಕಾಲಿಕ ಫೈಲೇ ಇರುವುದಿಲ್ಲ ಅಲ್ವಾ ಸರ್?

ಹಳೇಲಿಂಕರ್ · ಮಂಗಳವಾರ ರಾತ್ರಿ 9:15

ಇರುವುದಿಲ್ಲ. ಆದರೆ ಆಗ ಕಂಪೈಲರೂ ಅಸೆಂಬ್ಲರೂ ಒಂದೇ ಹೊತ್ತಿಗೆ ಬದುಕಿರುತ್ತವೆ, ಇಬ್ಬರ ಹೊಟ್ಟೆಯೂ ಒಟ್ಟಿಗೆ ತುಂಬಬೇಕು. ಪೈಪ್ ಇಲ್ಲದಿದ್ದರೆ ಒಬ್ಬ ಎದ್ದ ಮೇಲೆ ಇನ್ನೊಬ್ಬ ಎಲೆ ಮುಂದೆ ಕೂರುತ್ತಾನೆ. ಜಾಗ ಕಡಿಮೆ ಇರುವಲ್ಲಿ ಪಂಕ್ತಿ ಎರಡು ಮಾಡುವುದೇ ಲೇಸು.

ಮಳೆಗಾಲ · ಮಂಗಳವಾರ ರಾತ್ರಿ 10:20

ಈಗ ನಿಜವಾದ ಜಾಗಕ್ಕೆ ಬರುವ. ಧಕ್ಕೆಹುಡುಗ, ನಿಮ್ಮ ಗ್ರಾಮರ್ ಕ್ಲಾಸು ಇಟರೇಟರ್ (ಪಠ್ಯದಲ್ಲಿ ಓದುತ್ತಿರುವ ಜಾಗ ತೋರಿಸುವ ಬೆರಳು) ಮೇಲೆ ಟೆಂಪ್ಲೇಟ್ ಆಗಿರಬೇಕು. ಅದನ್ನು ಎಷ್ಟು ಬಗೆಯ ಇಟರೇಟರ್ ಕೊಟ್ಟು ಕರೀತೀರಿ? ಮತ್ತೆ, ಅದರ ಕನ್‌ಸ್ಟ್ರಕ್ಟರ್ ಹೆಡರಿನಲ್ಲಿ ಇದೆಯಾ? ರೂಲುಗಳು (ವ್ಯಾಕರಣದ ಬಿಡಿ ತುಂಡುಗಳು) ಎಷ್ಟು?

ಧಕ್ಕೆಹುಡುಗ · ಬುಧವಾರ ಬೆಳಿಗ್ಗೆ 9:30

ಎರಡು ಬಗೆ. ಸಾಕೆಟ್ಟಿನಿಂದ ಬಂದದ್ದಕ್ಕೆ ಕಾನ್ಸ್ಟ್ ಚಾರ್ ಪಾಯಿಂಟರ್, ಲಾಗ್ ಫೈಲಿನದ್ದಕ್ಕೆ ಸ್ಟ್ರಿಂಗಿನ ಇಟರೇಟರ್. ಕನ್‌ಸ್ಟ್ರಕ್ಟರ್ ಹೆಡರಿನಲ್ಲೇ ಉಂಟು. ರೂಲು ಒಂದೇ! ಪೆಟ್ಟಿಗೆ ಕಳಿಸುವ ಬೇರೆ ಬೇರೆ ಬಗೆಯ ವಾಕ್ಯಗಳಾದ ಜಿಜಿಎ, ಆರ್‌ಎಂಸಿ, ಜಿಎಸ್‌ವಿ ಎಲ್ಲ ಪೈಪ್ ಚಿಹ್ನೆಯಿಂದ ಜೋಡಿಸಿ ಒಂದೇ ಎಕ್ಸ್‌ಪ್ರೆಶನ್, ನೂರೆಂಬತ್ತು ಸಾಲು.

ಮಳೆಗಾಲ · ಬುಧವಾರ ಬೆಳಿಗ್ಗೆ 10:10

ಒಂದೇ ಅಡುಗೆಗೆ ಎರಡು ಒಲೆ ಹಚ್ಚಿದ್ದೀರಿ. ಸ್ಟ್ರಿಂಗಿನಿಂದ ಡೇಟಾ, ಡೇಟಾ ಜೊತೆಗೆ ಸೈಜ್ ಕೊಟ್ಟರೆ ಪಾಯಿಂಟರೇ ಸಿಗ್ತದಲ್ಲ? ಎರಡನೇ ಇಟರೇಟರನ್ನು ಕಿತ್ತು ಹಾಕಿ. ಇಡೀ ವ್ಯಾಕರಣ ಒಂದೇ ಸಲ ಇನ್‌ಸ್ಟಾನ್ಶಿಯೇಟ್ ಆಗ್ತದೆ.

ಆಮೇಲೆ ಆ ನೂರೆಂಬತ್ತು ಸಾಲನ್ನು ಕಡಿಯಬೇಕು. ಕ್ಯೂಐಯ ರೂಲ್ ಎಂದರೆ ಬರೀ ಹೆಸರಿಡುವ ಚೀಟಿ ಅಲ್ಲ. ರೂಲಿಗೆ ಎಕ್ಸ್‌ಪ್ರೆಶನ್ ತುಂಬಿದ ಕೂಡಲೆ ಅದರ ಆ ಉದ್ದ ಟೈಪು ಒಳಗೆ ಅಡಗಿ ಹೋಗ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಇಟರೇಟರು ಮತ್ತು ಆಟ್ರಿಬ್ಯೂಟು ಮಾತ್ರ. ರೂಲುಗಳನ್ನು ಜೋಡಿಸಿ ಬರೆದ ಎಕ್ಸ್‌ಪ್ರೆಶನ್ನಿನ ಹೊಟ್ಟೆಯಲ್ಲಿ ಸಣ್ಣ ಹೆಸರುಗಳೇ ಇರ್ತವೆ. ಅಕ್ಷಾಂಶಕ್ಕೆ ಒಂದು, ಸಮಯಕ್ಕೆ ಒಂದು, ಪ್ರತಿ ವಾಕ್ಯಕ್ಕೆ ಒಂದು ರೂಲು ಮಾಡಿ. ಓಡುವಾಗ ಒಂದು ಪರೋಕ್ಷ ಕರೆಯ ಖರ್ಚು ಬರ್ತದೆ. 82 ಅಕ್ಷರದ ಸಾಲಿಗೆ ಅದನ್ನು ಲೆಕ್ಕ ಹಾಕುವವರು ಬೇರೆ ಕೆಲಸ ಹುಡುಕಬೇಕು. ರೂಲಿನ ಬದಲು ಆಟೋ ಹಾಕಿ ಹಿಡಿಯಬೇಡಿ, ಕ್ಯೂಐಯಲ್ಲಿ ಅದು ಸತ್ತುಹೋದ ತಾತ್ಕಾಲಿಕ ವಸ್ತುಗಳಿಗೆ ರೆಫರೆನ್ಸ್ ಇಟ್ಟುಕೊಂಡು ಕೂರ್ತದೆ, ಮತ್ತೆ ಅದನ್ನು ಹುಡುಕಲಿಕ್ಕೆ ಬೇರೆ ಥ್ರೆಡ್ ಹಾಕಬೇಕಾದೀತು.

ಮೂರನೆಯದು, ಪ್ರತಿ ವಾಕ್ಯದ ಗ್ರಾಮರನ್ನು ಬೇರೆ ಬೇರೆ ಸಿಪಿಪಿಗೆ ಹಾಕಿ. ಹೆಡರಿನಲ್ಲಿ ಕನ್‌ಸ್ಟ್ರಕ್ಟರಿನ ಘೋಷಣೆ ಮಾತ್ರ. ದೇಹ ಸಿಪಿಪಿಯಲ್ಲಿ, ಅದರ ಕೆಳಗೆ ಪಾಯಿಂಟರ್ ಇಟರೇಟರಿಗೆ ಎಕ್ಸ್‌ಪ್ಲಿಸಿಟ್ ಇನ್‌ಸ್ಟಾನ್ಶಿಯೇಶನ್ ಒಂದು ಸಾಲು. ಹೆಡರಿನಲ್ಲಿ ಎಕ್ಸ್‌ಟರ್ನ್ ಟೆಂಪ್ಲೇಟ್ ಹಾಕಿದರೆ ಉಳಿದ ಫೈಲುಗಳು ಪುನಃ ಅದೇ ಕೆಲಸ ಮಾಡುವುದಿಲ್ಲ. ಸಿ++11ರಿಂದ ಭಾಷೆಯಲ್ಲೇ ಉಂಟು ಅದು.

ಎಲ್ಲಿ ಭಾರ ಎಂದು ಗೊತ್ತಾಗದಿದ್ದರೆ ಅದೇ ಫೈಲನ್ನು ಒಮ್ಮೆ ಕ್ಲಾಂಗಿನಲ್ಲಿ -ಎಫ್‌ಟೈಮ್-ಟ್ರೇಸ್ ಕೊಟ್ಟು ಓಡಿಸಿ. ಯಾವ ಟೆಂಪ್ಲೇಟಿಗೆ ಎಷ್ಟು ಹೊತ್ತು ಹಿಡಿಯಿತು ಎಂಬ ಜೇಸನ್ ಬರ್ತದೆ. ಅಳೆಯುವುದು ಸಮಯವನ್ನು, ಆದರೂ ಹೊತ್ತು ತಿನ್ನುವವನೇ ಹೆಚ್ಚಾಗಿ ಮೆಮೊರಿಯನ್ನೂ ತಿನ್ನುವವನು.

ಘಟ್ಟದಮೇಲೆ · ಬುಧವಾರ ಬೆಳಿಗ್ಗೆ 10:30

ಬರೆದವರು ಬಿಟ್ಟು ಹೋದ ಕೋಡನ್ನು ಇಷ್ಟು ಕಡಿಯುವುದಕ್ಕಿಂತ ಕಾಮಾಕ್ಕೆ ಒಡೆಯುವ ನಲವತ್ತು ಸಾಲು ಕೈಯಲ್ಲೇ ಬರೆಯಬಹುದಿತ್ತು.

ಮಳೆಗಾಲ · ಬುಧವಾರ ಬೆಳಿಗ್ಗೆ 10:34

ಬರೆಯಬಹುದಿತ್ತು. ನಾನಾದರೂ ಹಾಗೇ ಮಾಡ್ತಿದ್ದೆ. ಅವರು ಕೇಳಿದ್ದು ಅದಲ್ಲ.

ಧಕ್ಕೆಹುಡುಗ · ಗುರುವಾರ ಸಂಜೆ 6:15

ಎರಡು ದಿನದ ವರದಿ. ಎರಡನೇ ಇಟರೇಟರ್ ತೆಗೆದದ್ದಕ್ಕೇ -ಓ0 -ಜಿ 4.6ರಿಂದ 2.6 ಜಿಬಿಗೆ ಇಳಿಯಿತು. ನಾನು ಮಾಡಿದ್ದು ಹತ್ತು ಸಾಲಿನ ಬದಲಾವಣೆ, ನಾಚಿಕೆ ಆಯ್ತು. ರೂಲುಗಳಾಗಿ ಕಡಿದು ಐದು ಫೈಲು ಮಾಡಿದ ಮೇಲೆ ಅತಿ ದೊಡ್ಡದು 900 ಎಂಬಿ.

ಖುಷಿಯಲ್ಲಿ ಪುನಃ -ಜೆ4 ಕೊಟ್ಟೆ. ಪುನಃ ಮೌಸ್ ನಿಂತಿತು! ಸಾಯಲಿಲ್ಲ, ಆದರೆ ನಿಂತಿತು.

ಹಳೇಲಿಂಕರ್ · ಗುರುವಾರ ಸಂಜೆ 6:40

ಒಂದು ಕಲ್ಲನ್ನು ಐದು ಮಾಡಿ, ನಾಲ್ಕನ್ನು ಒಟ್ಟಿಗೆ ತಲೆ ಮೇಲೆ ಇಟ್ಟುಕೊಂಡರೆ ಭಾರ ಎಲ್ಲಿ ಕಡಿಮೆಯಾಯಿತು? ಬಿಲ್ಡಿಗೆ ಸಿಮೇಕ್ ಇದ್ದರೆ ಮೇಕ್ ಬದಲು ನಿಂಜಾ ಬಳಸಿ. ವ್ಯಾಕರಣದ ಐದು ಫೈಲುಗಳನ್ನು ಬೇರೆ ಒಂದು ಆಬ್ಜೆಕ್ಟ್ ಲೈಬ್ರರಿ ಮಾಡಿ, ಒಬ್ಬನೇ ಹಿಡಿಸುವ ಜಾಬ್ ಪೂಲ್ ಸೃಷ್ಟಿಸಿ ಆ ಲೈಬ್ರರಿಯ ಜಾಬ್_ಪೂಲ್_ಕಂಪೈಲ್ ಗುಣಕ್ಕೆ ಕೊಡಿ. ಆ ಐದು ಫೈಲುಗಳು ಒಂದರ ಹಿಂದೆ ಒಂದು ಬರುತ್ತವೆ, ಉಳಿದ ಫೈಲುಗಳು ಅಕ್ಕಪಕ್ಕದಲ್ಲಿ ಓಡುತ್ತಿರುತ್ತವೆ. ಪೂಲು ಟಾರ್ಗೆಟ್ಟಿಗೆ ಹಚ್ಚುವಂಥದ್ದು, ಒಂದೊಂದು ಫೈಲಿಗೆ ಹಚ್ಚಲಾಗುವುದಿಲ್ಲ, ಅದಕ್ಕೇ ಬೇರೆ ಲೈಬ್ರರಿ. ಯೂನಿಟಿ ಬಿಲ್ಡ್ ಹಾಕಿದ್ದರೆ ಈ ಲೈಬ್ರರಿಗೆ ಅದನ್ನು ತೆಗೆಯಿರಿ, ಇಲ್ಲದಿದ್ದರೆ ಸಿಮೇಕ್ ಈ ಐದನ್ನು ಪುನಃ ಒಂದೇ ಫೈಲಾಗಿ ಹೊಲಿಯುತ್ತದೆ.

ಇನ್ನೊಂದು ಮುಖ್ಯ ಮಾತು ಉಳಿದಿದೆ. ನಿಮಗೆ ಎಲ್ಲ ಫೈಲಿಗೂ ಪೂರ್ತಿ -ಜಿ ಯಾಕೆ ಬೇಕು? ಯಕ್ಷಗಾನದ ಆಟ ರಾತ್ರಿಯಿಡೀ ಇದ್ದರೂ ಕೊನೆಯ ಪ್ರಸಂಗದ ವೇಷಧಾರಿ ಸಂಜೆಯೇ ಬಣ್ಣ ಬಳಿದು ಕಿರೀಟ ಕಟ್ಟಿ ಚೌಕಿಯಲ್ಲಿ ಕೂರುವುದಿಲ್ಲ. ರಂಗಕ್ಕೆ ಹೋಗುವವನಿಗೆ ಮಾತ್ರ ವೇಷ. ಎಲ್ಲದಕ್ಕೂ -ಜಿ1 ಇಡಿ: ಯಾರು ಯಾರನ್ನು ಕರೆದರು ಎಂಬ ಬ್ಯಾಕ್‌ಟ್ರೇಸ್ ಬರುತ್ತದೆ, ಸಾಲಿನ ಸಂಖ್ಯೆ ಬರುತ್ತದೆ, ಲೋಕಲ್ ವೇರಿಯಬಲ್ ಬರುವುದಿಲ್ಲ. ಬಗ್ಗು ಯಾವ ಫೈಲಿನಲ್ಲಿ ಎಂದು ಅದರಿಂದಲೇ ಗೊತ್ತಾಗುತ್ತದೆ. ಆಮೇಲೆ ಆ ಒಂದು ಫೈಲಿಗೆ ಮಾತ್ರ ಸೆಟ್_ಸೋರ್ಸ್_ಫೈಲ್ಸ್_ಪ್ರಾಪರ್ಟೀಸ್‌ನಲ್ಲಿ -ಜಿ ಕೊಡಿ. ಒಂದೇ ಆಜ್ಞೆಯಲ್ಲಿ ಎರಡು -ಜಿ ಮಟ್ಟ ಇದ್ದರೆ ಕೊನೆಯದ್ದೇ ಗೆಲ್ಲುತ್ತದೆ.

ಮಳೆಗಾಲ · ಗುರುವಾರ ಸಂಜೆ 7:05

ಹೀಗೆ ಬೆರೆಸುವುದು ಡೀಬಗ್ ಮಾಹಿತಿಯ ಮಟ್ಟಕ್ಕೆ ಮಾತ್ರ ನಡೀತದೆ, ನೆನಪಿರಲಿ. _ಜಿಎಲ್‌ಐಬಿಸಿಎಕ್ಸ್‌ಎಕ್ಸ್_ಡೀಬಗ್ (ಸಿ++ ಲೈಬ್ರರಿಯ ತಪಾಸಣೆ ಸ್ವಿಚ್ಚು) ಅನ್ನು ಒಂದು ಫೈಲಿಗೆ ಹಾಕಿ ಇನ್ನೊಂದಕ್ಕೆ ಬಿಟ್ಟರೆ ವೆಕ್ಟರಿನ ಅಳತೆಯೇ ಬದಲಾಗಿ, ಇಲ್ಲದ ಬಗ್ಗು ಹುಟ್ತದೆ.

ಕೊಟ್ಟಾರಚೌಕಿ · ಗುರುವಾರ ರಾತ್ರಿ 8:20

ನಮ್ಮಲ್ಲಿ -ಓ2 -ಜಿ ಒಟ್ಟಿಗೆ ಕೊಡುವಾಗ ವೇರಿಯಬಲ್ ಟ್ರಾಕಿಂಗ್ ಸೈಜ್ ಲಿಮಿಟ್ ಎಕ್ಸೀಡೆಡ್ ಅಂತ ಒಂದು ನೋಟ್ ಬರ್ತದೆ. ಅದೂ ಮೆಮೊರಿ ತಿನ್ತದಾ?

ಹಳೇಲಿಂಕರ್ · ಗುರುವಾರ ರಾತ್ರಿ 8:35

ತಿನ್ನುತ್ತದೆ, ಸಮಯವನ್ನೂ ತಿನ್ನುತ್ತದೆ. ಜಿಸಿಸಿ ಮೊದಲು ವೇರಿಯಬಲ್ಲುಗಳ ಜಾಡು ಹಿಡಿಯಲು ಹೋಗಿ, ಮಿತಿ ದಾಟಿತು ಎಂದು ಬಿಟ್ಟು, ಪುನಃ ಅದಿಲ್ಲದೆ ಮಾಡುತ್ತದೆ. ಯಾವ ಫೈಲಿಗೆ ಆ ನೋಟ್ ಬರುತ್ತದೋ ಅದಕ್ಕೆ -ಎಫ್‌ನೋ-ವಾರ್-ಟ್ರಾಕಿಂಗ್-ಅಸೈನ್‌ಮೆಂಟ್ಸ್ ಕೊಟ್ಟು ಮೊದಲ ಸುತ್ತನ್ನೇ ತಪ್ಪಿಸಿ. ಧಕ್ಕೆಹುಡುಗರದ್ದು -ಓ0, ಅವರಿಗೆ ಇದು ಸಂಬಂಧವಿಲ್ಲ.

ಧಕ್ಕೆಹುಡುಗ · ಶುಕ್ರವಾರ ಸಂಜೆ 5:50

ಎಲ್ಲದಕ್ಕೂ -ಜಿ1, ಪೂಲು ಒಂದು, ಟಿಎಂಪಿಡಿಐಆರ್ ಡಿಸ್ಕಿಗೆ. ಬ್ರೌಸರಿನಲ್ಲಿ ಈ ಪುಟ ತೆರೆದಿಟ್ಟೇ ಇಡೀ ಬಿಲ್ಡ್ ಮುಗಿಯಿತು, ಮೌಸ್ ಎಲ್ಲೂ ನಿಲ್ಲಲಿಲ್ಲ.

ಮಾಯವಾಗುವ ಬೋಟಿನ ಲಾಗು ಕೊಟ್ಟು ಜಿಡಿಬಿ ಡೀಬಗರಿನಲ್ಲಿ ಓಡಿಸಿದೆ. ಬ್ಯಾಕ್‌ಟ್ರೇಸ್ ನೇರ ಜಿಜಿಎ ಫೈಲಿಗೆ ಕರಕೊಂಡು ಹೋಯಿತು. ಇನ್ಫೋ ಲೋಕಲ್ಸ್ ಕೊಟ್ಟರೆ ನೋ ಲೋಕಲ್ಸ್ ಅಂತ ಬಂತು, ಒಂದು ಗಳಿಗೆ ಎದೆ ಧಸಕ್ಕೆಂದಿತು, ಆಮೇಲೆ -ಜಿ1 ಅಂತ ನೆನಪಾಯ್ತು. ಆ ಒಂದು ಫೈಲಿಗೆ -ಜಿ ಹಾಕಿ ಪುನಃ ಕಟ್ಟಿದೆ, ಎರಡು ನಿಮಿಷವೂ ಆಗಲಿಲ್ಲ.

ವಿಷಯ ಇಷ್ಟೆ. ಪೆಟ್ಟಿಗೆಗೆ ಉಪಗ್ರಹ ಸಿಗದೆ ಇದ್ದಾಗ ಜಿಜಿಎ ಸಾಲಿನಲ್ಲಿ ಅಕ್ಷಾಂಶ, ರೇಖಾಂಶದ ಜಾಗ ಖಾಲಿ ಇರ್ತದೆ, ಬರೀ ಕಾಮಾ ಕಾಮಾ. ನಮ್ಮ ರೂಲು ಅಲ್ಲಿ ಸಂಖ್ಯೆ ಇರಲೇಬೇಕು ಅಂತ ಹಠ ಹಿಡಿದು ಇಡೀ ಸಾಲನ್ನೇ ತಿರಸ್ಕರಿಸ್ತಿತ್ತು, ಅದನ್ನು ಕರೆದ ಮೇಲಿನ ಕೋಡು ಆ ತಿರಸ್ಕಾರವನ್ನು ಬೋಟು ಹೋಯಿತು ಅಂತ ಓದ್ತಿತ್ತು. ಎರಡು ಕಡೆ ಮೈನಸ್ ಚಿಹ್ನೆ ಹಾಕಿ ಐಚ್ಛಿಕ ಮಾಡಿದೆ. ಈಗ ಬೋಟು ಕೊನೆಯ ಸಲ ಕಂಡ ಜಾಗದಲ್ಲಿ ಬೂದು ಬಣ್ಣದಲ್ಲಿ ನಿಲ್ತದೆ.

ಗಡ್‌ಬಡ್ · ಶುಕ್ರವಾರ ಸಂಜೆ 5:58

ಎರಡು ಅಕ್ಷರಕ್ಕೆ ಐದು ದಿನ. ಪಾರ್ಟಿ ಯಾವಾಗ ಅಣ್ಣ?

ಧಕ್ಕೆಹುಡುಗ · ಶುಕ್ರವಾರ ಸಂಜೆ 6:10

ಮಳೆ ಬಿಡಲಿ. ಮೊದಲು ಜಿಎಸ್‌ವಿಯಲ್ಲೂ ಖಾಲಿ ಜಾಗ ಬರ್ತದಾ ನೋಡ್ಬೇಕು, ಆ ಫೈಲಿಗೆ -ಜಿ ಹಾಕ್ತಾ ಇದ್ದೇನೆ.